ಒಟಿಪಿ ಯಾರಿಗೂ ಹೇಳಿಲ್ಲ, ಆದರೂ ಹಣ ಹೋಯಿತು: ಚಲನ್ ಹೆಸರಿನಲ್ಲಿ ಬಂದ ಫೈಲ್ ಮತ್ತು ಮುಂದಿನ ದಾರಿ

ಪ್ರಶ್ನೆ: ನನ್ನ ತಂದೆಗೆ 69 ವರ್ಷ, ನಿವೃತ್ತ ಶಿಕ್ಷಕರು. ಶಿವಮೊಗ್ಗ ಜಿಲ್ಲೆಯ ನಮ್ಮೂರಿನಲ್ಲಿ ಅಮ್ಮನ ಜತೆ ಇದ್ದಾರೆ. ಭಾನುವಾರ ಸಂಜೆ ಅವರ ಗೆಳೆಯರೊಬ್ಬರ ವಾಟ್ಸ್‌ಆ್ಯಪ್ ನಂಬರಿನಿಂದ 'ಆರ್‌ಟಿಒ ಚಲನ್' ಅಂತ ಒಂದು ಫೈಲ್ ಬಂತು. ಸ್ಕೂಟರಿಗೆ ದಂಡ ಬಿದ್ದಿರಬೇಕು ಅಂದುಕೊಂಡು ಒತ್ತಿದ್ದಾರೆ. ಏನೋ ಇನ್‌ಸ್ಟಾಲ್ ಆಗಿದೆ, ಒಂದು ರೂಪಾಯಿ ಕಟ್ಟಿ ಎಂದು ಕೇಳಿದೆ, ಎಟಿಎಂ ಕಾರ್ಡಿನ ವಿವರ ಹಾಕಿದ್ದಾರೆ. ಆಮೇಲೆ ಏನೂ ಆಗಲಿಲ್ಲವಂತೆ. ಇವತ್ತು ಮಂಗಳವಾರ ಬ್ಯಾಂಕಿನಲ್ಲಿ ಸ್ಟೇಟ್‌ಮೆಂಟ್ ತೆಗೆಸಿದರೆ, ಸೋಮವಾರದ ತಾರೀಕಿಗೆ ಮೂರು ಸಲ, ಮಂಗಳವಾರದ ತಾರೀಕಿಗೆ ಎರಡು ಸಲ, ಒಟ್ಟು 1,38,000 ರೂಪಾಯಿ ಹೋಗಿದೆ. ಅದರಲ್ಲಿ 75,000 ರೂಪಾಯಿ ಎಫ್‌ಡಿ ಮುರಿದು ತೆಗೆದದ್ದು. ಒಂದೂ ಮೆಸೇಜ್ ಕಣ್ಣಿಗೆ ಬಿದ್ದಿಲ್ಲ. ಒಟಿಪಿ ಯಾರಿಗೂ ಹೇಳಿಲ್ಲ ಅಂತ ಅಪ್ಪ ಆಣೆ ಮಾಡುತ್ತಾರೆ. ಬ್ಯಾಂಕಿನವರು 'ತಪ್ಪು ನಿಮ್ಮದೇ, ನಾವೇನೂ ಮಾಡೋಕಾಗಲ್ಲ' ಎಂದು ಕಳಿಸಿದರು. ಹಣ ವಾಪಸ್ ಬರುತ್ತದೆಯೇ? ಆ ಫೋನನ್ನು ಇನ್ನು ಬಳಸಬಹುದೇ? ಮುಂದೆ ಹೀಗಾಗದಂತೆ ಏನು ಮಾಡಬೇಕು?
ಹೆಸರು ಬೇಡ, ಬೆಂಗಳೂರು

ಉತ್ತರ: 1930ಕ್ಕೆ ಇನ್ನೂ ಕರೆ ಮಾಡಿಲ್ಲವಾದರೆ ಉಳಿದದ್ದನ್ನು ಆಮೇಲೆ ಓದಿ, ಮೊದಲು ಆ ಕರೆ ಮಾಡಿ. ಇದು ಸೈಬರ್ ವಂಚನೆಗೆಂದೇ ಇರುವ ರಾಷ್ಟ್ರೀಯ ಸಹಾಯವಾಣಿ. ಲೈನ್ ಸಿಗದಿದ್ದರೆ ಬಿಡದೆ ಪ್ರಯತ್ನಿಸುತ್ತಲೇ, ಇನ್ನೊಂದು ಫೋನಿನಲ್ಲಿ 'ಸೈಬರ್‌ಕ್ರೈಮ್ ಡಾಟ್ ಜಿಒವಿ ಡಾಟ್ ಇನ್' ಪೋರ್ಟಲ್ಲಿನ ಹಣಕಾಸು ವಂಚನೆ ವಿಭಾಗದಲ್ಲಿ ದೂರು ತುಂಬಿಸಿ. ಎರಡೂ ಒಂದೇ ವ್ಯವಸ್ಥೆಗೆ ಹೋಗುತ್ತವೆ.

ಕರೆ ಮಾಡುವ ಮೊದಲು ಒಂದು ಹಾಳೆಯಲ್ಲಿ ಇಷ್ಟು ಬರೆದಿಟ್ಟುಕೊಳ್ಳಿ: ತಂದೆಯವರ ಖಾತೆ ಸಂಖ್ಯೆ, ಬ್ಯಾಂಕಿಗೆ ಕೊಟ್ಟಿರುವ ಮೊಬೈಲ್ ನಂಬರ್, ಐದೂ ವ್ಯವಹಾರಗಳ ತಾರೀಕು, ಮೊತ್ತ, ಯುಟಿಆರ್ (ಪ್ರತಿ ವರ್ಗಾವಣೆಗೂ ಬೀಳುವ ಗುರುತಿನ ಸಂಖ್ಯೆ) ಅಥವಾ ರೆಫರೆನ್ಸ್ ಸಂಖ್ಯೆ. ಯುಟಿಆರ್ ಇಲ್ಲದೆ 'ಒಂದು ಲಕ್ಷ ಚಿಲ್ಲರೆ ಹೋಗಿದೆ' ಎಂದಷ್ಟೇ ಹೇಳಿದರೆ ಹಣ ಯಾವ ಖಾತೆಗೆ ಹೋಯಿತು ಎಂದು ಹಿಂಬಾಲಿಸುವುದಕ್ಕೆ ತಡವಾಗುತ್ತದೆ. ಸ್ಟೇಟ್‌ಮೆಂಟಿನಲ್ಲಿ ಅದು ಕಾಣದಿದ್ದರೆ ಶಾಖೆಯ ಕೌಂಟರಿನಲ್ಲೇ ಕೇಳಿ ಬರೆಸಿಕೊಳ್ಳಿ. ದೂರು ದಾಖಲಾದ ಮೇಲೆ ಎಸ್ಸೆಮ್ಮೆಸ್ಸಿನಲ್ಲಿ ಸ್ವೀಕೃತಿ ಸಂಖ್ಯೆ ಬರುತ್ತದೆ. ಫೋನಿನಲ್ಲಿ ಹೇಳಿದ್ದಕ್ಕೇ ಮುಗಿಯಿತು ಎಂದುಕೊಳ್ಳದೆ, ಆ ಸಂಖ್ಯೆ ಹಾಕಿ ಪೋರ್ಟಲ್ಲಿನಲ್ಲಿ ಪೂರ್ತಿ ವಿವರವನ್ನು 24 ಗಂಟೆಯೊಳಗೆ ತುಂಬಿಸಬೇಕು. ಈ ಎರಡನೇ ಹೆಜ್ಜೆಯನ್ನು ಬಿಟ್ಟುಬಿಡುವವರು ಬಹಳ.

ಇಷ್ಟು ಅವಸರ ಏಕೆಂದರೆ, ಕದ್ದ ಹಣ ಒಂದು ಕಡೆ ನಿಲ್ಲುವುದಿಲ್ಲ. ಕಮಿಷನ್ ಆಸೆಗೆ ತಮ್ಮ ಪಾಸ್‌ಬುಕ್, ಎಟಿಎಂ ಕಾರ್ಡ್, ಸಿಮ್ ಒಪ್ಪಿಸಿರುವವರ ಬಾಡಿಗೆ ಖಾತೆಗಳು ವಂಚಕರ ಕೈಯಲ್ಲಿರುತ್ತವೆ. ಮೊದಲ ಖಾತೆಗೆ ಬಿದ್ದ ಹಣ ನಿಮಿಷಗಳಲ್ಲಿ ಒಡೆದು ಎರಡನೇ, ಮೂರನೇ ಸಾಲಿನ ಖಾತೆಗಳಿಗೆ ಹೋಗಿ, ಎಟಿಎಂನಲ್ಲಿ ನಗದಾಗುತ್ತದೆ ಅಥವಾ ಕ್ರಿಪ್ಟೊ ಆಗುತ್ತದೆ. 1930ರ ವ್ಯವಸ್ಥೆ ಆ ಸಾಲಿನ ಪ್ರತಿ ಬ್ಯಾಂಕಿಗೂ ಸಂದೇಶ ಕಳಿಸುತ್ತದೆ, ಹಣ ಇನ್ನೂ ಖಾತೆಯಲ್ಲಿದ್ದರೆ ಅದರ ಮೇಲೆ ಲೀನ್ ಬೀಳುತ್ತದೆ, ಎಂದರೆ ಯಾರೂ ತೆಗೆಯಲಾಗದಂತೆ ಅದನ್ನು ತಡೆಹಿಡಿಯುತ್ತಾರೆ. ಡ್ರಾ ಆಗಿಹೋಗಿದ್ದರೆ ಹಿಡಿಯಲು ಏನೂ ಇರುವುದಿಲ್ಲ. ನಿಮ್ಮ ವಿಷಯದಲ್ಲಿ ಕೊನೆಯ ಎರಡು ವ್ಯವಹಾರ ಮಂಗಳವಾರದ್ದು. ಅವಾದರೂ ಸಿಗುವ ಸಾಧ್ಯತೆ ಇದೆ.

ಇದರ ಜತೆಗೇ ಬ್ಯಾಂಕಿನ ಸಹಾಯವಾಣಿಗೆ ಕರೆ ಮಾಡಿ ಡೆಬಿಟ್ ಕಾರ್ಡ್, ನೆಟ್ ಬ್ಯಾಂಕಿಂಗ್, ಮೊಬೈಲ್ ಬ್ಯಾಂಕಿಂಗ್, ಯುಪಿಐ ನಾಲ್ಕನ್ನೂ ಬಂದ್ ಮಾಡಿಸಿ. ಕಾರ್ಡ್ ಒಂದನ್ನೇ ಬ್ಲಾಕ್ ಮಾಡಿಸಿ ಸುಮ್ಮನಾದರೆ ನೆಟ್ ಬ್ಯಾಂಕಿಂಗ್ ಬಾಗಿಲು ತೆರೆದೇ ಇರುತ್ತದೆ. ಸಹಾಯವಾಣಿಯ ನಂಬರನ್ನು ಗೂಗಲ್‌ನಲ್ಲಿ ಹುಡುಕಬೇಡಿ, ಅಲ್ಲಿ ನಕಲಿ ನಂಬರುಗಳು ತುಂಬಿವೆ. ಕಾರ್ಡಿನ ಹಿಂಭಾಗದಲ್ಲಿ ಅಥವಾ ಪಾಸ್‌ಬುಕ್ಕಿನಲ್ಲಿ ಅಚ್ಚಾಗಿರುವ ನಂಬರನ್ನೇ ಬಳಸಿ.

ಆ ಫೋನನ್ನು ಈಗ ಏನು ಮಾಡಬೇಕು

ಸ್ವಿಚ್ ಆಫ್ ಮಾಡಿ, ಸಿಮ್ ಹೊರಗೆ ತೆಗೆಯಿರಿ. ಸಿಮ್ಮನ್ನು ಸಾದಾ ಕೀಪ್ಯಾಡ್ ಫೋನಿಗೆ ಹಾಕಿ. ಆ ಕ್ಷಣದಿಂದ ಬ್ಯಾಂಕಿನ ಮೆಸೇಜುಗಳು ಕಳ್ಳ ಆ್ಯಪಿನ ಕೈಗೆ ಸಿಗುವುದಿಲ್ಲ, ತಂದೆಯವರಿಗೂ ಕಾಣತೊಡಗುತ್ತವೆ. ಬಳಿಕ ಆ ಸಿಮ್ಮಿನಿಂದ *#21# ಒತ್ತಿ ಕರೆಗಳು ಬೇರೆ ನಂಬರಿಗೆ ಫಾರ್ವರ್ಡ್ ಆಗುತ್ತಿವೆಯೇ ನೋಡಿ. ಆಗುತ್ತಿದ್ದರೆ ##002# ಒತ್ತಿ ರದ್ದು ಮಾಡಿ, ಕೋಡ್ ಕೆಲಸ ಮಾಡದಿದ್ದರೆ ಸಿಮ್ ಕಂಪನಿಯ ಸಹಾಯವಾಣಿಗೆ ಹೇಳಿ ತೆಗೆಸಿ. ಕರೆ ಫಾರ್ವರ್ಡಿಂಗ್ ನೆಟ್‌ವರ್ಕಿನಲ್ಲಿ ಕೂತಿರುತ್ತದೆ, ಫೋನ್ ಬದಲಾಯಿಸಿದ ಮಾತ್ರಕ್ಕೆ ಹೋಗುವುದಿಲ್ಲ.

ಫ್ಯಾಕ್ಟರಿ ರೀಸೆಟ್ ಇವತ್ತೇ ಬೇಡ. ಆ ಫೈಲ್, ಅದು ಬಂದ ಚಾಟ್, ಆ್ಯಪಿನ ಹೆಸರು ಇವೆಲ್ಲ ಪೊಲೀಸರಿಗೂ ಬ್ಯಾಂಕಿಗೂ ತೋರಿಸಬೇಕಾದ ಸಾಕ್ಷ್ಯ. ಸಿಮ್ ಇಲ್ಲದೆ, ವೈಫೈ ಇಲ್ಲದೆ, ಏರೋಪ್ಲೇನ್ ಮೋಡ್‌ನಲ್ಲಿ ಫೋನ್ ತೆರೆದು, ಇನ್ನೊಂದು ಫೋನಿನ ಕ್ಯಾಮೆರಾದಿಂದ ಪರದೆಯ ಫೋಟೊ ತೆಗೆದುಕೊಳ್ಳಿ: ಗೆಳೆಯರ ನಂಬರ್ ಮತ್ತು ಸಮಯ ಕಾಣುವಂತೆ ಆ ಮೆಸೇಜ್, ಸೆಟ್ಟಿಂಗ್ಸ್‌ನ ಆ್ಯಪ್‌ಗಳ ಪೂರ್ಣ ಪಟ್ಟಿ, ಅನುಮಾನದ ಆ್ಯಪ್ ಪಡೆದಿರುವ ಅನುಮತಿಗಳು. ಪಟ್ಟಿಯಲ್ಲಿ ಹೆಸರಿಲ್ಲದ ಅಥವಾ ಚಿತ್ರವಿಲ್ಲದ ಆ್ಯಪ್, 'ಕಸ್ಟಮರ್ ಸಪೋರ್ಟ್' ಥರದ ಹೆಸರಿನದು, ಗೂಗಲ್‌ನದೇ ಸೇವೆ ಎಂಬಂತೆ ಹೆಸರಿಟ್ಟುಕೊಂಡದ್ದು ಇದೆಯೇ ನೋಡಿ. ಮನೆ ಪರದೆಯಲ್ಲಿ ಐಕಾನ್ ಕಾಣುವುದಿಲ್ಲ, ಇನ್‌ಸ್ಟಾಲ್ ಆದ ಕೂಡಲೇ ಅದು ತನ್ನ ಐಕಾನನ್ನು ಅಡಗಿಸಿಕೊಳ್ಳುತ್ತದೆ. ತಂದೆಯವರಿಗೆ 'ಆಮೇಲೆ ಏನೂ ಆಗಲಿಲ್ಲ' ಅನ್ನಿಸಿದ್ದು ಇದರಿಂದಲೇ. ಫೈಲನ್ನು 'ನೋಡಿ, ಹೀಗಿತ್ತು' ಎಂದು ಯಾರಿಗೂ ಫಾರ್ವರ್ಡ್ ಮಾಡಬೇಡಿ.

ಪೊಲೀಸರು ಫೋನ್ ನೋಡಿ, ಬೇಕಾದದ್ದನ್ನು ಪಡೆದುಕೊಂಡ ಮೇಲೆ ರೀಸೆಟ್ ಮಾಡಿ. ಫೋಟೊ, ವಿಡಿಯೊ, ಕಾಂಟ್ಯಾಕ್ಟ್‌ಗಳನ್ನು ಮಾತ್ರ ಉಳಿಸಿಕೊಳ್ಳಿ. ಹಳೆಯ ಆ್ಯಪ್‌ಗಳನ್ನು ಬ್ಯಾಕಪ್‌ನಿಂದ ಮರಳಿಸದೆ ಒಂದೊಂದಾಗಿ ಪ್ಲೇ ಸ್ಟೋರ್‌ನಿಂದಲೇ ಹಾಕಿ. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಸಾಲದೇ ಎಂದು ಕೇಳುವವರಿದ್ದಾರೆ. ಸಾಲದು. ಈ ಬಗೆಯ ಕೆಲವು ಆ್ಯಪ್‌ಗಳು 'ಅಪ್‌ಡೇಟ್' ನೆಪದಲ್ಲಿ ಎರಡನೆಯದನ್ನು ಒಳಗಿಳಿಸುತ್ತವೆ, ಮೊದಲನೆಯದು ಬರೀ ಹೊದಿಕೆ. ರೀಸೆಟ್ ಆದ ಫೋನನ್ನು ಆಮೇಲೆ ಧೈರ್ಯವಾಗಿ ಬಳಸಬಹುದು, ಹೊಸದು ಕೊಳ್ಳಬೇಕಿಲ್ಲ. ತಂದೆಯವರ ಗೂಗಲ್ ಖಾತೆಯ ಪಾಸ್‌ವರ್ಡನ್ನು ಮಾತ್ರ ಇವತ್ತೇ, ನಿಮ್ಮ ಕಂಪ್ಯೂಟರಿನಿಂದ ಬದಲಿಸಿ, ಗುರುತಿಲ್ಲದ ಎಲ್ಲ ಸಾಧನಗಳಿಂದ ಸೈನ್‌ಔಟ್ ಮಾಡಿಸಿ.

ಆ ಗೆಳೆಯರಿಗೆ ಫೋನ್ ಮಾಡಿ ತಿಳಿಸಿ, ವಾಟ್ಸ್‌ಆ್ಯಪ್‌ನಲ್ಲಲ್ಲ, ಮಾಮೂಲಿ ಕರೆಯಲ್ಲಿ. ಫೈಲ್ ಕಳಿಸಿದ್ದು ಅವರಲ್ಲ. ಅವರ ಫೋನಿಗೂ ಇದೇ ಹೊಕ್ಕಿರಬೇಕು, ಅವರ ಖಾತೆಗೂ ಕೈ ಬಿದ್ದಿರಬಹುದು, ಅವರಿಗಿನ್ನೂ ಗೊತ್ತಿಲ್ಲದಿರಬಹುದು. ತಂದೆಯವರ ನಂಬರಿನಿಂದಲೂ ಇಷ್ಟರಲ್ಲಿ ನೆಂಟರಿಷ್ಟರಿಗೆ, ಹಳೆಯ ವಿದ್ಯಾರ್ಥಿಗಳ ಗ್ರೂಪಿಗೆ ಅದೇ ಫೈಲ್ ಹೋಗಿರಬಹುದು. ನಿಮ್ಮ ಫೋನಿನಿಂದ ಆ ಗ್ರೂಪುಗಳಿಗೆಲ್ಲ 'ಅಪ್ಪನ ನಂಬರಿನಿಂದ ಬಂದ ಫೈಲ್ ತೆರೆಯಬೇಡಿ' ಎಂದು ಈಗಲೇ ಹಾಕಿ.

ಒಟಿಪಿ ಹೇಳದಿದ್ದರೂ ಹಣ ಹೋದದ್ದು ಹೇಗೆ

ನಿಮ್ಮ ತಂದೆಯವರು ನಿಜವನ್ನೇ ಹೇಳುತ್ತಿದ್ದಾರೆ. ಅವರ ಬಾಯಿಂದ ಒಟಿಪಿ ಹೋಗಿಲ್ಲ, ಫೋನಿನಿಂದ ಹೋಗಿದೆ. ಎಷ್ಟೋ ವರ್ಷದಿಂದ ಬ್ಯಾಂಕುಗಳು 'ಒಟಿಪಿ ಯಾರಿಗೂ ಹೇಳಬೇಡಿ' ಎಂದು ಸಾರುತ್ತಿವೆ, ಜನ ಅದನ್ನು ಕಲಿತೂ ಇದ್ದಾರೆ. ವಂಚಕರು ಈಗ ಕೇಳುವ ಗೋಜಿಗೇ ಹೋಗುವುದಿಲ್ಲ.

ಬಂದದ್ದು ಎಪಿಕೆ ಫೈಲ್, ಎಂದರೆ ಆಂಡ್ರಾಯ್ಡ್ ಫೋನಿಗೆ ಪ್ಲೇ ಸ್ಟೋರನ್ನು ಬಿಟ್ಟು ನೇರವಾಗಿ ಹಾಕಬಹುದಾದ ಆ್ಯಪ್. (ಐಫೋನಿನಲ್ಲಿ ಎಪಿಕೆ ಇನ್‌ಸ್ಟಾಲ್ ಆಗುವುದಿಲ್ಲ.) ವಾಟ್ಸ್‌ಆ್ಯಪ್‌ನಲ್ಲಿ ಅದು ಪಿಡಿಎಫ್ ಬರುವ ಹಾಗೆಯೇ ಡಾಕ್ಯುಮೆಂಟ್ ಚೌಕದಲ್ಲಿ ಬರುತ್ತದೆ, ಹೆಸರಿನ ಕೊನೆಗೆ ಮತ್ತು ಚೌಕದ ಕೆಳಗೆ ಇಂಗ್ಲಿಷಿನ ಎ, ಪಿ, ಕೆ ಎಂಬ ಮೂರು ಅಕ್ಷರ ಇರುತ್ತವೆ. ಚಲನ್, ಮದುವೆ ಕರೆಯೋಲೆ, ಪಿಎಂ ಕಿಸಾನ್, ಬ್ಯಾಂಕ್ ಕೆವೈಸಿ ಹೀಗೆ ಹೆಸರು ಯಾವುದೇ ಇರಲಿ, ಈ ಮೂರು ಅಕ್ಷರ ಕಂಡರೆ ಅದು ಓದುವ ಕಾಗದವಲ್ಲ, ಆ್ಯಪ್. ಕರೆಯೋಲೆ ಫೋಟೊ, ಪಿಡಿಎಫ್ ಅಥವಾ ವಿಡಿಯೊ ಆಗಿ ಬರುತ್ತದೆ, ಆ್ಯಪ್ ಆಗಿ ಬರುವುದಿಲ್ಲ.

ಒತ್ತಿದಾಗ ಫೋನ್ ಒಮ್ಮೆ ತಡೆದಿರುತ್ತದೆ: 'ಈ ಮೂಲದಿಂದ ಇನ್‌ಸ್ಟಾಲ್ ಮಾಡಲು ಅನುಮತಿ ಇಲ್ಲ' ಎಂದು. ಅಲ್ಲಿ ಸೆಟ್ಟಿಂಗ್ಸ್ ಒತ್ತಿ 'ಅನುಮತಿಸಿ' ಎಂದು ಕೊಟ್ಟರೆ ಒಳಗೆ ದಾರಿ. ಮುಂದಿನದು ಎಸ್ಸೆಮ್ಮೆಸ್ ಓದುವ, ಕಳಿಸುವ ಅನುಮತಿ, ಜತೆಗೆ ನೋಟಿಫಿಕೇಶನ್ ನೋಡುವ ಅನುಮತಿ. ಬೆರಳು 'ಅಲೋ, ಅಲೋ' ಎಂದು ಒತ್ತುತ್ತ ಹೋಗುತ್ತದೆ, ಎಲ್ಲ ಆ್ಯಪ್‌ಗಳೂ ಹಾಗೇ ಕೇಳುವುದು ನಮಗೆ ರೂಢಿಯಾಗಿಬಿಟ್ಟಿದೆ. ಅಲ್ಲಿಂದಾಚೆ ಬಂದ ಪ್ರತಿ ಮೆಸೇಜೂ ವಂಚಕನಿಗೆ ತಲುಪುತ್ತದೆ. ಆ ಆ್ಯಪ್ ಮೆಸೇಜಿನ ಮುಖ್ಯ ಆ್ಯಪ್ ಆಗಿ ಕೂತರೆ ಬ್ಯಾಂಕಿನ ಎಸ್ಸೆಮ್ಮೆಸ್ಸನ್ನು ಅಳಿಸಬಲ್ಲದು, ನೋಟಿಫಿಕೇಶನ್ ಅನುಮತಿ ಇದ್ದರೆ ಪರದೆಯ ಮೇಲೆ ಬರುವ ಮೊದಲೇ ಒರೆಸಬಲ್ಲದು. ಒಂದೂ ಮೆಸೇಜ್ ಕಣ್ಣಿಗೆ ಬೀಳದ ಕಾರಣ ಇದು.

ಒಂದು ರೂಪಾಯಿಯ ಪುಟ ಇದ್ದದ್ದು ರೂಪಾಯಿಗಾಗಿ ಅಲ್ಲ, ಕಾರ್ಡಿನ ಸಂಖ್ಯೆ, ಅವಧಿ, ಸಿವಿವಿಗಾಗಿ. ಎಟಿಎಂ ಪಿನ್ ಕೂಡ ಕೇಳಿತ್ತೇ, ಹಾಕಿದರೇ ಎಂದು ತಂದೆಯವರನ್ನು ಮೆತ್ತಗೆ ಕೇಳಿ ತಿಳಿದುಕೊಳ್ಳಿ, ಬ್ಯಾಂಕಿನ ಜತೆಗಿನ ವಾದದಲ್ಲಿ ಇದು ಮುಖ್ಯವಾಗುತ್ತದೆ. ಹಲವು ಬ್ಯಾಂಕುಗಳಲ್ಲಿ ಡೆಬಿಟ್ ಕಾರ್ಡಿನ ವಿವರ ಮತ್ತು ನೋಂದಾಯಿತ ಮೊಬೈಲಿನ ಒಟಿಪಿ ಎರಡಿದ್ದರೆ ಶಾಖೆಗೆ ಹೋಗದೆ ನೆಟ್ ಬ್ಯಾಂಕಿಂಗ್ ಶುರು ಮಾಡಬಹುದು, ಪಾಸ್‌ವರ್ಡ್ ಬದಲಿಸಬಹುದು. ಹೊಸದಾಗಿ ಸೇರಿಸಿದ ಖಾತೆಗೆ ಮೊದಲ ಕೆಲವು ಗಂಟೆ ಅಥವಾ ಒಂದು ದಿನ ದೊಡ್ಡ ಮೊತ್ತ ಕಳಿಸಲು ಬ್ಯಾಂಕುಗಳು ಬಿಡುವುದಿಲ್ಲ. ಭಾನುವಾರ ಸಂಜೆ ಹೊಕ್ಕ ಆ್ಯಪ್ ಸೋಮವಾರದವರೆಗೆ ಸುಮ್ಮನಿದ್ದದ್ದಕ್ಕೆ ಇದೇ ಕಾರಣವಿರಬೇಕು. ಸೋಮವಾರಕ್ಕೆ ಮೂರು, ಮಂಗಳವಾರಕ್ಕೆ ಎರಡು ಎಂದು ವ್ಯವಹಾರ ಹಂಚಿಹೋಗಿರುವುದನ್ನೂ ನೋಡಿ. ನಡುರಾತ್ರಿ ಹನ್ನೆರಡರ ಆಚೆ ಈಚೆ ತೆಗೆದರೆ ಎರಡು ದಿನದ ವರ್ಗಾವಣೆ ಮಿತಿಯನ್ನು ಒಂದೇ ಕೂರಿಕೆಯಲ್ಲಿ ಬಳಸಿಕೊಳ್ಳಬಹುದು. ಸ್ಟೇಟ್‌ಮೆಂಟಿನಲ್ಲಿ ಗಂಟೆ ನಿಮಿಷ ಇಲ್ಲದಿದ್ದರೆ ಬ್ಯಾಂಕಿನಿಂದ ಕೇಳಿ ಪಡೆಯಿರಿ.

'ತಪ್ಪು ನಿಮ್ಮದೇ' ಎಂದ ಬ್ಯಾಂಕಿಗೆ

ಕೌಂಟರಿನಲ್ಲಿ ಬಾಯಿಮಾತಿಗೆ ಹೇಳಿದ್ದಕ್ಕೆ ಬೆಲೆಯಿಲ್ಲ, ಅವರು ಬಾಯಿಮಾತಿಗೆ ಕೊಟ್ಟ ಉತ್ತರಕ್ಕೂ ಬೆಲೆಯಿಲ್ಲ. ನಾಳೆಯೇ ಬರವಣಿಗೆಯಲ್ಲಿ ಕೊಡಿ.

ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆಯೊಂದು ಅನಧಿಕೃತ ಎಲೆಕ್ಟ್ರಾನಿಕ್ ವ್ಯವಹಾರಗಳಲ್ಲಿ ಗ್ರಾಹಕನ ಹೊಣೆ ಎಷ್ಟು ಎಂಬುದನ್ನು ಹೇಳುತ್ತದೆ. ಸಹಕಾರಿ ಬ್ಯಾಂಕುಗಳಿಗೆ ಇದೇ ಬಗೆಯ ಸುತ್ತೋಲೆ ಅದೇ ವರ್ಷದ ಡಿಸೆಂಬರಿನಲ್ಲಿ ಬಂತು. ಲೋಪ ಬ್ಯಾಂಕಿನದಾದರೆ, ಗ್ರಾಹಕ ದೂರು ಕೊಡಲಿ ಬಿಡಲಿ, ಅವನ ಹೊಣೆ ಸೊನ್ನೆ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ಹೊರಗಿನ ಮೂರನೆಯವರದು ಎಂದಾದರೆ, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೂ ಸೊನ್ನೆ. ನಾಲ್ಕರಿಂದ ಏಳನೇ ದಿನದೊಳಗೆ ತಿಳಿಸಿದರೆ ಸಾಮಾನ್ಯ ಉಳಿತಾಯ ಖಾತೆಗೆ ಪ್ರತಿ ವ್ಯವಹಾರಕ್ಕೆ ಗರಿಷ್ಠ 10,000 ರೂಪಾಯಿ ಗ್ರಾಹಕನ ಪಾಲಿಗೆ. ಏಳು ದಿನ ದಾಟಿದರೆ ಆಯಾ ಬ್ಯಾಂಕಿನ ಆಡಳಿತ ಮಂಡಳಿಯ ನೀತಿಯಂತೆ. ದಿನ ಎಣಿಸುವಾಗ ಬ್ಯಾಂಕಿನಿಂದ ಮಾಹಿತಿ ಬಂದ ದಿನವನ್ನು ಬಿಟ್ಟು ಎಣಿಸುತ್ತಾರೆ. ಸೋಮವಾರವೇ ಎಸ್ಸೆಮ್ಮೆಸ್ ಹೋಗಿದೆ ಎಂದು ಬ್ಯಾಂಕ್ ಹೇಳಿದರೂ ನಡುವೆ ರಜೆ ಇಲ್ಲದಿದ್ದರೆ ನಿಮಗೆ ಗುರುವಾರದವರೆಗೆ ಅವಕಾಶ.

ಗ್ರಾಹಕನೇ ಪಾಸ್‌ವರ್ಡ್, ಪಿನ್‌ನಂಥದ್ದನ್ನು ಹಂಚಿಕೊಂಡು ನಷ್ಟವಾಗಿದ್ದರೆ, ಬ್ಯಾಂಕಿಗೆ ತಿಳಿಸುವವರೆಗಿನ ಪೂರ್ತಿ ನಷ್ಟ ಅವನದು ಎಂದೂ ಅದೇ ಸುತ್ತೋಲೆಯಲ್ಲಿದೆ. ಬ್ಯಾಂಕ್ ಹಿಡಿದು ನೇತಾಡುವುದು ಈ ಸಾಲನ್ನೇ. ತಂದೆಯವರು ಕಾರ್ಡಿನ ವಿವರ ಹಾಕಿರುವುದರಿಂದ ನಿಮ್ಮ ವಾದ ಅಷ್ಟು ಸಲೀಸಲ್ಲ, ಇದನ್ನು ಮುಚ್ಚಿಟ್ಟು ಬರೆಯುವುದೂ ಬೇಡ. ಆದರೆ ಮೂರು ಅಂಶ ನಿಮ್ಮ ಪರವಾಗಿವೆ. ಗ್ರಾಹಕನ ಹೊಣೆಯನ್ನು ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲಿದೆ ಎಂದು ಸುತ್ತೋಲೆಯಲ್ಲೇ ಇದೆ. ತಿಳಿಸಿದ ಮೇಲೆ ಆದ ಯಾವ ನಷ್ಟವಿದ್ದರೂ ಬ್ಯಾಂಕಿನದೇ. ಇನ್ನು, ಎಫ್‌ಡಿ ಮುರಿದದ್ದು. ಆಗಷ್ಟೇ ತೆರೆದ ಲಾಗಿನ್, ಹಿಂದೆಂದೂ ಕಾಣದ ಸಾಧನ, ಎಪ್ಪತ್ತರ ಅಂಚಿನ ಪಿಂಚಣಿದಾರರ ಖಾತೆ, ಎಫ್‌ಡಿ ಮುರಿದ ಬೆನ್ನಿಗೇ ಹೊಸ ಹೆಸರಿಗೆ ವರ್ಗಾವಣೆ: ಇಷ್ಟನ್ನು ನೋಡಿಯೂ ಬ್ಯಾಂಕಿನ ವ್ಯವಸ್ಥೆ ತಡೆಯಲಿಲ್ಲವೇಕೆ ಎಂಬ ಪ್ರಶ್ನೆಗೆ ಅವರು ಉತ್ತರಿಸಲೇಬೇಕು.

ಗುವಾಹಟಿ ಹೈಕೋರ್ಟಿನ ಮುಂದೆ ಬಂದ ಪ್ರಕರಣವೊಂದರಲ್ಲಿ, ಕಸ್ಟಮರ್ ಕೇರ್ ಸೋಗಿನಲ್ಲಿ ಕರೆ ಮಾಡಿದವನ ಮಾತು ನಂಬಿ ಆ್ಯಪ್ ಹಾಕಿಕೊಂಡ ಗ್ರಾಹಕ 94,000 ರೂಪಾಯಿ ಚಿಲ್ಲರೆ ಕಳೆದುಕೊಂಡಿದ್ದರು. 24 ಗಂಟೆಯೊಳಗೆ ಬ್ಯಾಂಕಿಗೆ ತಿಳಿಸಿದ್ದರು. ಬ್ಯಾಂಕ್ ಹಣ ಕೊಡಬೇಕು ಎಂದು ಹೈಕೋರ್ಟ್ ಹೇಳಿತು, 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದರಲ್ಲಿ ಕೈಹಾಕಲು ನಿರಾಕರಿಸಿತು. ಎಲ್ಲ ಪ್ರಕರಣಕ್ಕೂ ಇದು ಹಾಗೆಯೇ ಹೊಂದುತ್ತದೆ ಎನ್ನಲಾಗದು, ಆದರೂ 'ಆ್ಯಪ್ ಹಾಕಿಕೊಂಡಿರಿ, ಹಾಗಾಗಿ ನಿಮ್ಮದೇ ತಪ್ಪು' ಎಂಬ ಒಂದೇ ಮಾತಿಗೆ ವಿಷಯ ಮುಗಿಯುವುದಿಲ್ಲ ಎನ್ನುವುದಕ್ಕೆ ಇದು ಸಾಕು.

ಪತ್ರ ಹೀಗಿರಲಿ: 'ನನ್ನ ಉಳಿತಾಯ ಖಾತೆಯಿಂದ ಈ ಕೆಳಗಿನ ಐದು ವ್ಯವಹಾರಗಳು ನನ್ನ ಅನುಮತಿ ಇಲ್ಲದೆ ನಡೆದಿವೆ. ಇವನ್ನು ನಾನು ಮಾಡಿಲ್ಲ, ಮಾಡಲು ಯಾರಿಗೂ ಹೇಳಿಲ್ಲ. ನನ್ನ ಎಫ್‌ಡಿಯನ್ನು ಮುರಿಯಲು ನಾನು ಕೋರಿಲ್ಲ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯಂತೆ ಈ ಮೊತ್ತವನ್ನು 10 ಕೆಲಸದ ದಿನಗಳೊಳಗೆ ನನ್ನ ಖಾತೆಗೆ ಜಮಾ ಮಾಡಬೇಕೆಂದು ಕೋರುತ್ತೇನೆ. ನೆಟ್ ಬ್ಯಾಂಕಿಂಗ್ ನೋಂದಣಿಯಾದ ಅಥವಾ ಪಾಸ್‌ವರ್ಡ್ ಬದಲಾದ ಸಮಯ, ಬಳಸಿದ ಸಾಧನ ಮತ್ತು ಐಪಿ ವಿಳಾಸ, ಹಣ ಪಡೆದ ಖಾತೆಗಳನ್ನು ಸೇರಿಸಿದ ಸಮಯ, ಎಫ್‌ಡಿ ಮುರಿದ ಸಮಯ, ನನಗೆ ಕಳಿಸಿದ ಎಸ್ಸೆಮ್ಮೆಸ್‌ಗಳ ದಾಖಲೆ, ಇವನ್ನು ಲಿಖಿತವಾಗಿ ಒದಗಿಸಬೇಕು.' ಕೆಳಗೆ ಐದು ಯುಟಿಆರ್, 1930ರ ಸ್ವೀಕೃತಿ ಸಂಖ್ಯೆ, ತಂದೆಯವರ ಸಹಿ. ಎರಡು ಪ್ರತಿ ಒಯ್ದು, ಒಂದರ ಮೇಲೆ ತಾರೀಕು ಸಮೇತ ಶಾಖೆಯ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ಹಾಕುವುದಿಲ್ಲ ಎಂದರೆ ಜಗಳ ಬೇಡ, ಅದೇ ಪತ್ರವನ್ನು ಬ್ಯಾಂಕಿನ ಅಧಿಕೃತ ಇಮೇಲಿಗೆ ಕಳಿಸಿ, ಅಂಚೆಯಲ್ಲಿ ಸ್ಪೀಡ್ ಪೋಸ್ಟ್ ಮಾಡಿ. ಹತ್ತು ದಿನದಲ್ಲಿ ಆಗುವ ಜಮಾ ತಾತ್ಕಾಲಿಕ. ಅಂತಿಮ ತೀರ್ಮಾನ 90 ದಿನದೊಳಗೆ ಆಗಬೇಕು.

30 ದಿನವಾದರೂ ಉತ್ತರ ಬರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಬ್ಯಾಂಕುಗಳ ಮೇಲಿನ ಗ್ರಾಹಕರ ದೂರುಗಳನ್ನು ತೀರ್ಮಾನಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ 'ಸಿಎಂಎಸ್ ಡಾಟ್ ಆರ್‌ಬಿಐ ಡಾಟ್ ಒಆರ್‌ಜಿ ಡಾಟ್ ಇನ್' ಪೋರ್ಟಲ್ಲಿನಲ್ಲಿ ದೂರು ಕೊಡಿ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. ಮಾಹಿತಿಗೆ 14448.

ಪೊಲೀಸ್ ಠಾಣೆ, ಮತ್ತು ಹಣ ಬರುವ ಬಗೆ

ಪೋರ್ಟಲ್ಲಿನ ದೂರೇ ಎಫ್‌ಐಆರ್ ಎಂದುಕೊಳ್ಳಬೇಡಿ. ಕರ್ನಾಟಕದ ಪ್ರತಿ ಜಿಲ್ಲೆಯಲ್ಲೂ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆ ಇದೆ, ಶಿವಮೊಗ್ಗದಲ್ಲೂ ಇದೆ. ತಂದೆಯವರನ್ನು ಕರೆದುಕೊಂಡು ಹೋಗಿ ಸ್ವೀಕೃತಿ, ಸ್ಟೇಟ್‌ಮೆಂಟ್, ಫೋಟೊಗಳು, ಫೋನ್ ತೋರಿಸಿ ಎಫ್‌ಐಆರ್ ಮಾಡಿಸಿ. ಪ್ರತಿ ಉಚಿತವಾಗಿ ಸಿಗಬೇಕು. 'ಇದು ನಮ್ಮ ವ್ಯಾಪ್ತಿಯಲ್ಲ' ಎಂದು ಯಾವುದೇ ಠಾಣೆ ವಾಪಸ್ ಕಳಿಸುವಂತಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್‌ನಂತೆ ಎಲ್ಲೇ ಆದ ಅಪರಾಧವಾದರೂ ಮಾಹಿತಿ ದಾಖಲಿಸಿಕೊಳ್ಳಬೇಕು.

ಯಾವುದಾದರೂ ಖಾತೆಯಲ್ಲಿ ಹಣ ಹೋಲ್ಡ್ ಆಗಿದ್ದರೆ, ಎಷ್ಟು ಮತ್ತು ಯಾವ ಬ್ಯಾಂಕಿನಲ್ಲಿ ಎಂಬುದನ್ನು ತನಿಖಾಧಿಕಾರಿಯಿಂದ ಕೇಳಿ ಬರೆದುಕೊಳ್ಳಿ. ಹೋಲ್ಡ್ ಆದ ಹಣ ತಾನಾಗಿ ನಿಮ್ಮ ಖಾತೆಗೆ ಬರುವುದಿಲ್ಲ. ಸಾಮಾನ್ಯವಾಗಿ ಮ್ಯಾಜಿಸ್ಟ್ರೇಟ್ ನ್ಯಾಯಾಲಯಕ್ಕೆ ಅದೇ ಸಂಹಿತೆಯ 503ನೇ ಸೆಕ್ಷನ್‌ನಡಿ ಅರ್ಜಿ ಹಾಕಿ, ಪೊಲೀಸರ ವರದಿಯೊಂದಿಗೆ ಆದೇಶ ಪಡೆಯಬೇಕು. ಸಣ್ಣ ಮೊತ್ತಕ್ಕೆ ಸುಲಭದ ದಾರಿ ಇದೆಯೇ ಎಂದು ಠಾಣೆಯಲ್ಲೇ ಕೇಳಿ, ಲೋಕ ಅದಾಲತ್‌ನಲ್ಲಿ ಇತ್ಯರ್ಥವಾಗುವುದೂ ಇದೆ. ಪೂರ್ತಿ 1,38,000 ಬರುತ್ತದೆ ಎಂದು ನಂಬಿಸುವುದು ಸರಿಯಲ್ಲ. ಹೋಲ್ಡ್ ಆದದ್ದು ಬರುತ್ತದೆ, ಉಳಿದದ್ದಕ್ಕೆ ಬ್ಯಾಂಕಿನ ಹೊಣೆಯ ದಾರಿ ಹಿಡಿಯಬೇಕು. ಎರಡನ್ನೂ ಜತೆಜತೆಗೇ ನಡೆಸಿ.

ಈ ನಡುವೆ ಒಂದು ಎಚ್ಚರ ಬಹಳ ಮುಖ್ಯ. ಒಮ್ಮೆ ಮೋಸ ಹೋದವರ ನಂಬರು ವಂಚಕರ ನಡುವೆ ಕೈ ಬದಲಾಗುತ್ತದೆ. ಮುಂದಿನ ವಾರಗಳಲ್ಲಿ 'ಸೈಬರ್ ಸೆಲ್‌ನಿಂದ ಮಾತಾಡುತ್ತಿದ್ದೇವೆ, ನಿಮ್ಮ ಹಣ ಸಿಕ್ಕಿದೆ, ಬಿಡುಗಡೆಗೆ 4,500 ರೂಪಾಯಿ ಕಟ್ಟಿ' ಎಂದೋ, 'ರೀಫಂಡ್‌ಗೆ ಈ ಆ್ಯಪ್ ಹಾಕಿಕೊಳ್ಳಿ' ಎಂದೋ ಕರೆ ಬರಬಹುದು. ಹಣ ಮರಳಿಸಲು ಪೊಲೀಸರಾಗಲಿ, ಬ್ಯಾಂಕಾಗಲಿ, ರಿಸರ್ವ್ ಬ್ಯಾಂಕಾಗಲಿ ಮುಂಗಡ ಕೇಳುವುದಿಲ್ಲ. ಕಳೆದುಕೊಂಡ ಸಂಕಟದಲ್ಲಿ ಇರುವವರಿಗೆ ಈ ಮಾತು ಬೇಗ ನಾಟುತ್ತದೆ, ಹಾಗಾಗಿ ತಂದೆ ತಾಯಿ ಇಬ್ಬರಿಗೂ ಮೊದಲೇ ಹೇಳಿಡಿ. ಅಂಥ ಕರೆ ಬಂದರೆ ದೂರಸಂಪರ್ಕ ಇಲಾಖೆಯ ಸಂಚಾರ್ ಸಾಥಿ ಪೋರ್ಟಲ್ ಅಥವಾ ಆ್ಯಪ್‌ನಲ್ಲಿರುವ 'ಚಕ್ಷು' ವಿಭಾಗದಲ್ಲಿ ವರದಿ ಮಾಡಬಹುದು.

ಮುಂದಕ್ಕೆ

ಫೋನ್ ಕಿತ್ತುಕೊಂಡು 'ಇನ್ನು ಮುಟ್ಟಬೇಡಿ' ಎನ್ನಬೇಡಿ. ಅವರು ಅಪರಿಚಿತನನ್ನು ನಂಬಿದ್ದಲ್ಲ, ಗೆಳೆಯನ ಹೆಸರನ್ನು ನಂಬಿದ್ದು. ಬೈಗುಳದ ಭಯವಿದ್ದರೆ ಮುಂದಿನ ಸಲ ಏನಾದರೂ ಆದಾಗ ನಿಮಗೆ ಹೇಳುವುದು ತಡವಾಗುತ್ತದೆ, ಆ ತಡವೇ ಹಣ ಕಳೆಯುವುದು. ತಪ್ಪಿ ಒತ್ತಿದರೂ ನಷ್ಟ ದೊಡ್ಡದಾಗದಂತೆ ಹಣವನ್ನು ಹೊಂದಿಸಿಡುವುದು ನಿಮ್ಮ ಕೈಯಲ್ಲಿದೆ.

ಪಿಂಚಣಿ ಮತ್ತು ಉಳಿತಾಯದ ಖಾತೆಗೆ ಜೋಡಿಸಿದ ಸಿಮ್, ವಾಟ್ಸ್‌ಆ್ಯಪ್ ಇರುವ ಫೋನಿನಲ್ಲಿ ಇರಬಾರದು. ಆ ಸಿಮ್ ಕೀಪ್ಯಾಡ್ ಫೋನಿನಲ್ಲೇ ಉಳಿಯಲಿ, ಆ ಖಾತೆಗೆ ಯುಪಿಐ ಬೇಡ, ನೆಟ್ ಬ್ಯಾಂಕಿಂಗ್ ಇದ್ದರೂ ನೋಡುವುದಕ್ಕೆ ಮಾತ್ರ ಎಂದು ಶಾಖೆಗೆ ಅರ್ಜಿ ಕೊಡಿ. ಹಾಲು, ತರಕಾರಿ, ಔಷಧಿಗೆ ಸ್ಮಾರ್ಟ್‌ಫೋನಿನ ಬೇರೆ ನಂಬರಿನಲ್ಲಿ ಬೇರೆ ಖಾತೆ ತೆರೆದು, ಅದರಲ್ಲಿ ತಿಂಗಳಿಗೆ ಬೇಕಾದ ನಾಲ್ಕೈದು ಸಾವಿರವಷ್ಟೇ ಇಟ್ಟು ಯುಪಿಐ ಮಾಡಿಸಿ. ಈ ಎರಡನೇ ಖಾತೆ ಬೇರೆ ಬ್ಯಾಂಕಿನಲ್ಲಿರಲಿ. ಒಂದೇ ಬ್ಯಾಂಕಿನಲ್ಲಿ ಎರಡು ಖಾತೆ ತೆರೆದರೆ ಸಾಮಾನ್ಯವಾಗಿ ಎರಡೂ ಒಂದೇ ಗ್ರಾಹಕ ಸಂಖ್ಯೆಯಡಿ, ಒಂದೇ ಮೊಬೈಲ್ ನಂಬರಿಗೆ ಸೇರುತ್ತವೆ. ಒಂದಕ್ಕೆ ನುಗ್ಗಿದವನಿಗೆ ಇನ್ನೊಂದೂ ಕಾಣುತ್ತದೆ. ಈ ಕಡೆ ಗಮನ ಕೊಡದೆ 'ಪ್ರತ್ಯೇಕ ಖಾತೆ ಮಾಡಿದ್ದೇವೆ' ಎಂದು ನಿಶ್ಚಿಂತೆಯಿಂದ ಇರುವ ಮನೆಗಳು ಎಷ್ಟೋ.

ಎಫ್‌ಡಿಯನ್ನು ಆನ್‌ಲೈನ್ ಬದಲು ಶಾಖೆಯಲ್ಲಿ ಕಾಗದದ ರಸೀದಿಯೊಂದಿಗೆ ಇಡಿ, ಆನ್‌ಲೈನ್‌ನಲ್ಲಿ ಮುರಿಯಲಾಗದಂತೆ ಮಾಡಬಹುದೇ ಎಂದು ಕೇಳಿ. ಹೊಸ ಡೆಬಿಟ್ ಕಾರ್ಡ್ ಬಂದಾಗ ಆನ್‌ಲೈನ್ ಮತ್ತು ವಿದೇಶಿ ಬಳಕೆಯನ್ನು ಆಫ್ ಆಗಿಯೇ ಇಡಿ, ಎಟಿಎಂಗೆ ಅಷ್ಟು ಸಾಕು. ಬ್ಯಾಂಕಿನ ಅಲರ್ಟ್‌ಗಳಿಗೆ ನಿಮ್ಮ ಇಮೇಲ್ ವಿಳಾಸವನ್ನೂ ಸೇರಿಸಿ. ತಂದೆಯವರ ಫೋನಿನ ಎಸ್ಸೆಮ್ಮೆಸ್ಸನ್ನು ಯಾರಾದರೂ ನುಂಗಿದರೂ ನಿಮಗೆ ಮೇಲ್ ಬರುತ್ತದೆ.

ರೀಸೆಟ್ ಆದ ಸ್ಮಾರ್ಟ್‌ಫೋನಿನಲ್ಲಿ ಮಾಡಬೇಕಾದ್ದು ಹತ್ತು ನಿಮಿಷದ ಕೆಲಸ. ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ 'ಅನ್‌ನೋನ್ ಆ್ಯಪ್ಸ್' ಎಂದು ಹುಡುಕಿ, ಬರುವ ಪಟ್ಟಿಯಲ್ಲಿ ವಾಟ್ಸ್‌ಆ್ಯಪ್, ಕ್ರೋಮ್, ಫೈಲ್ಸ್, ಟೆಲಿಗ್ರಾಂ ಎಲ್ಲದಕ್ಕೂ ಅನುಮತಿ ಇಲ್ಲ ಎಂದಿರಲಿ. ಆ್ಯಪ್‌ಗಳನ್ನು ತಪಾಸಣೆ ಮಾಡುವ ಪ್ಲೇ ಸ್ಟೋರ್‌ನ ಪ್ಲೇ ಪ್ರೊಟೆಕ್ಟ್ ಆನ್ ಇರಲಿ. ವಾಟ್ಸ್‌ಆ್ಯಪ್‌ನಲ್ಲಿ ಡಾಕ್ಯುಮೆಂಟ್ ತಾನಾಗಿ ಡೌನ್‌ಲೋಡ್ ಆಗುವುದನ್ನು ನಿಲ್ಲಿಸಿ, ಟು ಸ್ಟೆಪ್ ವೆರಿಫಿಕೇಶನ್ ಪಿನ್ ಹಾಕಿ, ಲಿಂಕ್ಡ್ ಡಿವೈಸಸ್‌ನಲ್ಲಿ ಗುರುತಿಲ್ಲದ್ದನ್ನು ತೆಗೆಯಿರಿ. ವಾಟ್ಸ್‌ಆ್ಯಪ್ ನೋಂದಣಿಯ ಆರಂಕಿ ಕೋಡ್ ಕೂಡ ಎಸ್ಸೆಮ್ಮೆಸ್ಸಿನಲ್ಲೇ ಬರುವುದರಿಂದ, ಈ ಪಿನ್ ಇಲ್ಲದಿದ್ದರೆ ಮೆಸೇಜ್ ಓದಬಲ್ಲವನು ಖಾತೆಯನ್ನೇ ತನ್ನ ಫೋನಿಗೆ ಎತ್ತಿಕೊಳ್ಳುತ್ತಾನೆ.

ನಿಜವಾದ ಚಲನ್ ಇದೆಯೇ ಎಂಬ ಸಂಶಯ ಬಂದರೆ ಪರಿವಾಹನ್‌ನ ಇ-ಚಲನ್ ಜಾಲತಾಣದಲ್ಲಿ ಗಾಡಿ ನಂಬರ್ ಹಾಕಿ ನೋಡಬಹುದು, ಕರ್ನಾಟಕ ಒನ್ ಕೇಂದ್ರದಲ್ಲೋ ಹತ್ತಿರದ ಠಾಣೆಯಲ್ಲೋ ಕೇಳಬಹುದು. ದಂಡದ ನೋಟಿಸನ್ನು ಸರ್ಕಾರ ಯಾರದೋ ಖಾಸಗಿ ವಾಟ್ಸ್‌ಆ್ಯಪ್ ನಂಬರಿನಿಂದ ಆ್ಯಪ್ ರೂಪದಲ್ಲಿ ಕಳಿಸುವುದಿಲ್ಲ. ಸರ್ಕಾರಿ ಎಸ್ಸೆಮ್ಮೆಸ್ ಕಳಿಸಿದವರ ಹೆಸರಿನ ಕೊನೆಗೆ ಈಗ ಹೈಫನ್ ಮತ್ತು ಇಂಗ್ಲಿಷಿನ 'ಜಿ' ಅಕ್ಷರ ಇರುತ್ತದೆ. ಬ್ಯಾಂಕುಗಳ ಜಾಲತಾಣದ ವಿಳಾಸ 'ಡಾಟ್ ಬ್ಯಾಂಕ್ ಡಾಟ್ ಇನ್' ಎಂದು ಮುಗಿಯಬೇಕು, 2025ರ ಅಕ್ಟೋಬರ್ 31ರೊಳಗೆ ಎಲ್ಲ ಬ್ಯಾಂಕುಗಳೂ ಅದಕ್ಕೆ ಬದಲಾಗಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿತ್ತು.

ಇನ್ನೊಂದು ಪ್ರಶ್ನೆ ತಂದೆಯವರಿಗೆ ಕೇಳಬೇಕು: ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಫೋಟೊ ಆ ಫೋನಿನಲ್ಲಿ ಇದ್ದವೇ? ಬಹುತೇಕ ಎಲ್ಲರ ಗ್ಯಾಲರಿಯಲ್ಲೂ ಇರುತ್ತವೆ. ಇದ್ದರೆ ಅವು ಸೋರಿವೆ ಎಂದೇ ಲೆಕ್ಕ ಹಾಕಿ. ಎಂಆಧಾರ್ ಆ್ಯಪ್ ಅಥವಾ ಯುಐಡಿಎಐ ಜಾಲತಾಣದಲ್ಲಿ ಬಯೋಮೆಟ್ರಿಕ್ ಲಾಕ್ ಮಾಡಿಸಿ, ತೊಡಕಾದರೆ 1947ಕ್ಕೆ ಕರೆ ಮಾಡಿ. ಆಧಾರ್ ಸಂಖ್ಯೆ ಮತ್ತು ಬೆರಳಚ್ಚಿನ ನಕಲು ಎರಡಿದ್ದರೆ, ಒಟಿಪಿ ಇಲ್ಲದೆ ಆಧಾರ್ ಆಧಾರಿತ ಪಾವತಿ ವ್ಯವಸ್ಥೆಯಲ್ಲಿ ಹಣ ತೆಗೆಯುವ ಬಗೆಯೊಂದಿದೆ. 2023ರಲ್ಲಿ ನಮ್ಮ ರಾಜ್ಯದಲ್ಲೇ ಆಸ್ತಿ ನೋಂದಣಿ ಮಾಡಿಸಿದ ಹಲವರು ಹೀಗೆ ಹಣ ಕಳೆದುಕೊಂಡು ದೂರು ಕೊಟ್ಟಿದ್ದರು. ಬೆರಳಚ್ಚು ಬೇಕಾದ ದಿನ ತಾತ್ಕಾಲಿಕವಾಗಿ ಅನ್‌ಲಾಕ್ ಮಾಡಿಕೊಂಡರಾಯಿತು. ಸಂಚಾರ್ ಸಾಥಿಯಲ್ಲಿ ತಂದೆಯವರ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಿ, ಅವರದಲ್ಲದ್ದನ್ನು 'ನನ್ನದಲ್ಲ' ಎಂದು ಗುರುತಿಸಿ. ಅವರ ಪ್ಯಾನ್ ಬಳಸಿ ಯಾರಾದರೂ ಸಾಲ ತೆಗೆದರೆ ಅದು ಕ್ರೆಡಿಟ್ ವರದಿಯಲ್ಲಿ (ಒಬ್ಬರ ಹೆಸರಿನ ಸಾಲಗಳ ದಾಖಲೆ) ಕಾಣಲು ಕೆಲವು ವಾರ ಹಿಡಿಯುತ್ತದೆ. ಈ ವರದಿ ಕೊಡುವ ಸಂಸ್ಥೆಗಳಾದ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್ ನಾಲ್ಕೂ ವರ್ಷಕ್ಕೊಂದು ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕು. ಎಲ್ಲವನ್ನೂ ಒಟ್ಟಿಗೆ ತೆಗೆಯದೆ, ಮುಂದಿನ ತಿಂಗಳು ಒಂದರಿಂದ, ಮೂರು ತಿಂಗಳ ಬಳಿಕ ಇನ್ನೊಂದರಿಂದ ತೆಗೆಸಿ ನೋಡಿ. ತಂದೆಯವರು ಮಾಡದ ಸಾಲ ಅದರಲ್ಲಿ ಕಂಡರೆ ಆ ಸಾಲ ಕೊಟ್ಟ ಸಂಸ್ಥೆಗೆ ಮತ್ತು ವರದಿ ಕೊಟ್ಟ ಸಂಸ್ಥೆಗೆ ಎಫ್‌ಐಆರ್ ಪ್ರತಿಯೊಂದಿಗೆ ತಕರಾರು ಸಲ್ಲಿಸಿ.